ಕೂತ್ಕೋ ಅನ್ನುವವರಿಲ್ಲದ ಆಫೀಸು

ಮೊಮ್ಮಗಳಿಗೆ ಹೊರದೇಶದಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ ಎಂಬ ಸುದ್ದಿ ಬಂದ ದಿನ ಮನೆಯಲ್ಲಿ ಯಾರಿಗೂ ಅದೇನೆಂದು ಸರಿಯಾಗಿ ತಿಳಿಯಲಿಲ್ಲ. ಕೆಲಸವೇ ಎಂದರೆ ಅಲ್ಲವಂತೆ, ಓದೇ ಎಂದರೆ ಅದೂ ಪೂರ್ತಿ ಅಲ್ಲವಂತೆ. ಕೆಲಸ ಬಲ್ಲವರ ಪಕ್ಕದಲ್ಲಿ ಕೂತು ಕೆಲಸ ಕಲಿಯುವುದು ಎಂದು ಅವಳು ಬಿಡಿಸಿ ಹೇಳಿದಳು. ಪಕ್ಕದಲ್ಲಿ ಕೂರುವುದಕ್ಕೆ ವಿಮಾನ ಹತ್ತಬೇಕಾ ಎಂದು ಅವಳ ಚಿಕ್ಕಪ್ಪ ಕೇಳಿದ. ಅವನು ನನ್ನ ಕಿರಿಯ ಮಗ. ಯಾವ ಒಳ್ಳೆಯ ಸುದ್ದಿ ಬಂದರೂ ಅದನ್ನು ಮೊರಕ್ಕೆ ಹಾಕಿ ಕೇರಿ ಒಂದಾದರೂ ಕಲ್ಲು ಹುಡುಕದೆ ಬಿಡುವವನಲ್ಲ. ಆಮೇಲೆ ನಡೆದದ್ದನ್ನು ನೋಡಿದರೆ, ಹುಡುಗಿ ಅಲ್ಲಿ ಯಾರ ಪಕ್ಕದಲ್ಲೂ ಕೂರಲೇ ಇಲ್ಲ. ನಿಂತಳು. ಅವಳು ನಿಂತದ್ದರಿಂದ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ಹೋಗಲಿ, ಆದರೆ ಒಬ್ಬಳೇ ಬೇಡ ಎಂದ ಅವಳ ಅಪ್ಪ. ಅವನಿಗೆ ಅಂಗಡಿ, ಸೊಸೆಗೆ ಶಾಲೆ, ಚಿಕ್ಕಪ್ಪನಿಗೆ ಕಲ್ಲು ಹುಡುಕುವ ಕೆಲಸ. ಮನೆಯಲ್ಲಿ ಏನೂ ಕೆಲಸವಿಲ್ಲದವಳು ನಾನೊಬ್ಬಳೇ. ಹೀಗೆ ಭಾಷೆ ಬಾರದ, ದಾರಿ ತಿಳಿಯದ, ಮಂಡಿ ನೋವಿನ ಮುದುಕಿಯೊಬ್ಬಳನ್ನು ಓದಿದ ಹುಡುಗಿಯ ಕಾವಲಿಗೆ ಕಳಿಸಿದರು. ಅಲ್ಲಿ ಯಾರು ಯಾರನ್ನು ಕಾದರು ಎಂದು ಮಾತ್ರ ಕೇಳಬೇಡಿ.

ಅವಳದು ಮೇಜು, ಕುರ್ಚಿ, ಕಪಾಟು ಇಂಥವು ಹೇಗಿರಬೇಕೆಂದು ಗೀಟು ಹಾಕಿ ತೋರಿಸುವ ಓದು. ಕಾಲೇಜಿನವರ ಷರತ್ತು ಒಂದೇ. ಕೊನೆಗೆ ಅಲ್ಲಿನ ಆಫೀಸಿನ ದೊಡ್ಡವರು, ಈ ಹುಡುಗಿ ನಮ್ಮಲ್ಲಿ ಕೆಲಸ ಮಾಡಿದ್ದಾಳೆ, ಚೆನ್ನಾಗಿ ಮಾಡಿದ್ದಾಳೆ ಎಂದು ಹೇಳಬೇಕು. ಹೇಳದಿದ್ದರೆ ಕಡೆಯ ವರ್ಷ ಮತ್ತೊಮ್ಮೆ ಓದಬೇಕು. ಹಾಗೇನಾದರೂ ಆದರೆ ಹೇಳಲು ಚಿಕ್ಕಪ್ಪ “ನಾನು ಅವತ್ತೇ ಹೇಳಿರಲಿಲ್ವಾ” ಎಂಬ ಮಾತನ್ನು ಇಸ್ತ್ರಿ ಮಾಡಿ ಮಡಿಸಿ ಇಟ್ಟುಕೊಂಡಿದ್ದ.

ನಮಗೆ ಸಿಕ್ಕಿದ್ದು ಒಂದು ಮನೆಯ ಮೇಲಿನ ಕೋಣೆ. ಮಾಡು ಇಳಿಜಾರಾಗಿತ್ತು. ಒಂದು ಕಡೆ ನಿಂತರೆ ತಲೆ ಎತ್ತಬಹುದು, ಇನ್ನೊಂದು ಕಡೆ ಹೋದರೆ ತಾನಾಗಿ ನಮಸ್ಕಾರವಾಗುತ್ತಿತ್ತು. ಕಿಟಕಿ ಅರ್ಧ ಮಾತ್ರ ತೆರೆಯುತ್ತಿತ್ತು. ಅದರಿಂದ ನೋಡಿದರೆ ಎದುರು ಮನೆಯ ಕಿಟಕಿ, ಆ ಕಿಟಕಿಯಲ್ಲಿ ನನ್ನ ಹಾಗೆಯೇ ನೋಡುತ್ತಿದ್ದ ಒಂದು ಬೆಕ್ಕು. ಕೆಳಗೆ ಇದ್ದ ಮನೆಯೊಡತಿ ಸಣಕಲು ಹೆಂಗಸು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಮೊದಲು ಬೆರಳು ತೋರಿಸಿ ಗದರಿಸುತ್ತಿದ್ದಳು. ನಾನೂ ಬೆರಳು ತೋರಿಸಿ ಮಾತಾಡಲು ಕಲಿತೆ. ಕೆಲವು ವಾರದಲ್ಲಿ ನಾವಿಬ್ಬರೂ ಅಡುಗೆ ಒಲೆ, ಒಗೆಯುವ ಯಂತ್ರ, ಅವಳ ತೀರಿಕೊಂಡ ಗಂಡನ ಫೋಟೋ, ನನ್ನ ಮಂಡಿ ಎಲ್ಲವನ್ನೂ ಬೆರಳಲ್ಲೇ ಮಾತಾಡಿ ಮುಗಿಸಿದ್ದೆವು.

ನನಗೆ ಅಲ್ಲಿ ಇದ್ದ ಒಂದೇ ತೊಂದರೆ ಕುರ್ಚಿ. ಆ ದೇಶದ ಕುರ್ಚಿಗಳೆಲ್ಲ ಎತ್ತರ. ಕೂತರೆ, ಕ್ಷೌರದಂಗಡಿಯಲ್ಲಿ ಹಲಗೆ ಹಾಕಿ ಕೂರಿಸಿದ ಮಗುವಿನ ಹಾಗೆ ಕಾಲು ನೇತಾಡುತ್ತಿದ್ದವು. ಸ್ವಲ್ಪ ಹೊತ್ತಿಗೆಲ್ಲ ಪಾದ ಊದಿಕೊಳ್ಳುತ್ತಿದ್ದವು. ಕೆಳಗೆ ಕೂತರೆ ಏಳುವುದಕ್ಕಾಗದು. ಹಗಲು ಒಮ್ಮೆ ಹಾಗೆ ಕೂತು, ಹುಡುಗಿ ಸಂಜೆ ಬಂದು ಎತ್ತುವ ತನಕ ನೆಲದ ಮೇಲೇ ಇದ್ದೆ. ಬೆಕ್ಕು ಪೂರ್ತಿ ನೋಡಿತು. ಅವತ್ತಿನಿಂದ ಅವಳು ನನ್ನನ್ನು ಗಮನಿಸತೊಡಗಿದಳು. ನಾನು ಮಂಚದ ಅಂಚು ಹಿಡಿದು, ಒಂದು ಕೈ ತೊಡೆಗೆ ಕೊಟ್ಟು, ಮುಂದೆ ಬಾಗಿ ಏಳುವುದನ್ನು ನೋಡುತ್ತಿದ್ದಳು.

ಹಾಸ್ಯವೇನೆಂದರೆ, ಅವಳು ಸೇರಿದ್ದು ಕುರ್ಚಿಯ ಕಂಪನಿ.

ಕುರ್ಚಿ ಮಾಡುವ ಜಾಗವಲ್ಲ. ಮಾಡುವ ಕಾರ್ಖಾನೆ ಬೇರೆಲ್ಲೋ ಇತ್ತಂತೆ. ಇಲ್ಲಿದ್ದವರು ಕುರ್ಚಿಯ ಬಗ್ಗೆ ಯೋಚನೆ ಮಾಡುವವರು. ಬೆಳಿಗ್ಗೆ ಬಂದು ಕಾಫಿ ಕುಡಿದು ಯೋಚಿಸುತ್ತಿದ್ದರು. ಮಧ್ಯಾಹ್ನ ಯೋಚಿಸಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಸಂಜೆ, ಇನ್ನೂ ಸ್ವಲ್ಪ ಯೋಚಿಸಬೇಕು ಎಂದು ಮನೆಗೆ ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಬಡಗಿ ಇದ್ದ. ಅವನು ಕುರ್ಚಿ ಮಾಡುತ್ತಿದ್ದ, ಯೋಚಿಸುತ್ತಿರಲಿಲ್ಲ. ಯೋಚಿಸುತ್ತ ಕೂತಿದ್ದರೆ ಅವನ ಹೆಂಡತಿ ಬಿಡುತ್ತಿರಲಿಲ್ಲ.

ಹುಡುಗಿಗೆ ಕೆಲಸ ಕೊಡಬೇಕಾದವಳು ಆಫೀಸಿನ ಒಬ್ಬ ಮೇಲಧಿಕಾರಿ ಹೆಂಗಸು. ಒಳ್ಳೆಯವಳೇ, ನಗುಮುಖದವಳೇ. ಏನು ಕೆಲಸ ಮಾಡಲಿ ಎಂದು ಕೇಳಿದರೆ, ಎಷ್ಟು ಒಳ್ಳೆಯ ಪ್ರಶ್ನೆ, ನಾಳೆ ಕೂತು ಮಾತಾಡೋಣ ಎನ್ನುತ್ತಿದ್ದಳಂತೆ. ಮರುದಿನ ಕೇಳಿದರೆ ಮತ್ತೆ ಅದೇ ನಗು, ಅದೇ ನಾಳೆ. ನಾವು ಅವಳಿಗೆ ನಾಳೆಯಮ್ಮ ಎಂದೇ ಹೆಸರಿಟ್ಟೆವು.

ಎಲ್ಲರಿಗಿಂತ ಮೇಲೆ ಇದ್ದವರನ್ನು ಹುಡುಗಿ ಸೈಕಲ್ ಸಾಹೇಬರು ಎನ್ನುತ್ತಿದ್ದಳು. ಅರವತ್ತು ದಾಟಿದ ಆಳು. ಬಿಗಿ ಚಡ್ಡಿ ಹಾಕಿ ಸೈಕಲ್ ತುಳಿದುಕೊಂಡು ಬರುವುದು, ಲಿಫ್ಟು ಇದ್ದರೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವುದು, ಮೇಲೆ ಬಂದು ಏದುಸಿರನ್ನು ಮುಚ್ಚಲು ಕೆಮ್ಮುವುದು, ಇದು ದಿನಚರಿ. ಕಾಲಿಗೆ ಹಸಿರು ಬೂಟು. ಇದ್ದಷ್ಟು ಕೂದಲನ್ನು ಹಿಂದಕ್ಕೆ ಗಂಟು ಕಟ್ಟಿದ್ದರು. ನನ್ನನ್ನು ಹೆಸರು ಹಿಡಿದು ಕರೆಯಿರಿ, ನಾವೆಲ್ಲ ಇಲ್ಲಿ ಗೆಳೆಯರು ಎಂದು ಮೊದಲ ದಿನವೇ ಹೇಳಿದರಂತೆ. ಆ ಆಫೀಸಿನಲ್ಲಿ ಏನು ಬೇಕಾದರೂ ಮಾತಾಡಬಹುದಿತ್ತು. ವಯಸ್ಸಿನ ಮಾತು ಮಾತ್ರ ಎತ್ತುವ ಹಾಗಿರಲಿಲ್ಲ. ಅಲ್ಲಿ ಯಾರೂ ಮುದುಕರಾಗುತ್ತಿರಲಿಲ್ಲ, ಹೆಚ್ಚೆಂದರೆ ಅನುಭವಿಗಳಾಗುತ್ತಿದ್ದರು.

ತಾತನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ಹುಡುಗಿಯ ನಾಲಿಗೆ ಏಳಲಿಲ್ಲ. ಕರೆಯದೆ ಇರುವ ದಾರಿ ಕಂಡುಕೊಂಡಳು. ಏನಾದರೂ ಕೇಳಬೇಕಾದರೆ ಅವರೆದುರು ಹೋಗಿ ನಿಂತು, ಅವರಾಗಿ ತಲೆ ಎತ್ತುವ ತನಕ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಪಾಪ, ಈ ಹುಡುಗಿಗೆ ನಮ್ಮ ಹವೆ ಒಗ್ಗಿಲ್ಲ ಎಂದುಕೊಂಡು ಅವರು ಬಿಸಿನೀರು ತರಿಸಿಕೊಡುತ್ತಿದ್ದರು.

ಇನ್ನು ನಿಂತ ವಿಷಯ. ಮನೆಗೆ ದೊಡ್ಡವರು ಬಂದರೆ ಎದ್ದು ನಿಲ್ಲಬೇಕು ಎಂದು ಅವಳಿಗೆ ಕಲಿಸಿದವಳು ನಾನೇ. ಚಿಕ್ಕವಳಿದ್ದಾಗ ಟೀವಿಯ ಮುಂದಿನಿಂದ ಏಳದಿದ್ದರೆ ತೋಳಿಗೆ ಮೆಲ್ಲಗೆ ಚಿವುಟುತ್ತಿದ್ದೆ. ಏಳುವುದು ಅರ್ಧ ಪಾಠ, ಅವರು ಕೂತ್ಕೋ ಅನ್ನುವ ತನಕ ಕೂರದಿರುವುದು ಉಳಿದರ್ಧ. ನನಗೆ ಇದನ್ನು ಕಲಿಸಿದ್ದು ನಾಲ್ಕನೇ ಕ್ಲಾಸಿನ ಮೇಷ್ಟ್ರು. ನಾನು ಓದಿದ್ದೂ ಅಷ್ಟೇ. ಒಂದು ದಿನ ಅವರು ಒಳಗೆ ಬಂದರು, ನಾವೆಲ್ಲ ಎದ್ದು ನಿಂತೆವು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು, ಕೂತ್ಕೊಳ್ಳಿ ಅನ್ನುವುದನ್ನು ಮರೆತು ಹೋದರು. ಯಾರೋ ಅಂದರೆ ಅವರ ಹೆಂಡತಿಯ ತಮ್ಮ, ನಶ್ಯದ ಡಬ್ಬಿ ಹಿಡಿದುಕೊಂಡು ಬಂದಿದ್ದ. ಊಟದ ಗಂಟೆ ಹೊಡೆಯುವ ತನಕ ಕ್ಲಾಸು ಪೂರ್ತಿ ನಿಂತಿತ್ತು. ಮೇಷ್ಟ್ರು ಬಂದು ನೋಡಿ, ಯಾಕ್ರೋ ನಿಂತಿದ್ದೀರಿ ಎಂದು ನಮಗೇ ಬೈದರು.

ಮೊದಲ ದಿನ ಸೈಕಲ್ ಸಾಹೇಬರು ಅವಳ ಮೇಜಿನ ಹತ್ತಿರ ಬಂದಾಗ ಹುಡುಗಿಯ ಕಾಲು ತಾವಾಗಿ ಎದ್ದವು. ಅವರು ನಕ್ಕರು, ಪಕ್ಕದವನ ಜೊತೆ ಮಾತಾಡಿದರು, ಒಂದು ಸೇಬು ತಿಂದರು, ಕಿಟಕಿಯಿಂದ ಆಚೆ ನೋಡಿದರು, ಹೋದರು. ಕೂತ್ಕೋ ಅನ್ನಲಿಲ್ಲ. ಅವರು ಹೋದ ಮೇಲೆ ಕೂತಳು. ಮತ್ತೆ ಬಂದರು, ಮತ್ತೆ ನಿಂತಳು. ಮೀಟಿಂಗುಗಳಲ್ಲಿ ಅವರು ಕೊನೆಯ ತನಕ ಇರುತ್ತಿದ್ದರು, ಆದ್ದರಿಂದ ಅವಳೂ ಗೋಡೆಗೆ ಒರಗದೆ ಕೊನೆಯ ತನಕ ನಿಲ್ಲುತ್ತಿದ್ದಳು. ಸಂಜೆ ಮನೆಗೆ ಬಂದು ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟುಕೊಳ್ಳುವಳು. ನಾನು ಯಾವುದೋ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸುವ ಹಾಗೆ ಶಿಕ್ಷೆ ಕೊಟ್ಟಿದ್ದಾರೆ ಎಂದೇ ತಿಳಿದಿದ್ದೆ.

“ಯಾರಾದ್ರೂ ಕೂತ್ಕೋ ಅಂತ ಒಂದು ಮಾತು ಅನ್ನಲ್ವೇನೇ?”

“ಅವರಿಗೆ ಗೊತ್ತೇ ಇಲ್ಲ ಅಜ್ಜಿ, ಅನ್ಬೇಕು ಅಂತ.”

“ನೀನೇ ಹೇಳು ಮತ್ತೆ.”

“ಏನಂತ ಹೇಳ್ಲಿ? ನಿಮಗೆ ವಯಸ್ಸಾಗಿದೆ, ಅದಕ್ಕೆ ಎದ್ದು ನಿಲ್ತೀನಿ ಅಂತ್ಲಾ?”

ಬೋಗುಣಿಗೆ ಇನ್ನೊಂದಿಷ್ಟು ಬಿಸಿನೀರು ಸುರಿದೆ.

ಪಕ್ಕದ ಮೇಜಿನಲ್ಲಿ ಬೆನ್ನುನೋವಿನವನೊಬ್ಬ ಇದ್ದ. ಅವನು ಒಂದು ದಿನ, ಇದು ಬೆನ್ನಿಗೆ ಒಳ್ಳೆಯದಾ ಎಂದು ಕೇಳಿದನಂತೆ. ಹುಡುಗಿ ನಕ್ಕಳು. ಅವನೂ ಎದ್ದು ನಿಂತ. ಅವನು ನಿಂತದ್ದನ್ನು ಕಂಡು ಅವನ ಗೆಳತಿ ನಿಂತಳು. ಅಷ್ಟರಲ್ಲಿ ಸೈಕಲ್ ಸಾಹೇಬರ ಗಮನಕ್ಕೂ ಬಂತು. ಈ ಹುಡುಗಿ ಸದಾ ನಿಂತೇ ಇರುತ್ತಾಳಲ್ಲ, ಯಾಕೆ ಎಂದು ನಾಳೆಯಮ್ಮನನ್ನು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಆ ಆಫೀಸಿನ ಪದ್ಧತಿಯಲ್ಲ. ಅದು ಅವಳ ನಾಡಿನ ಬಹಳ ಹಳೆಯ ಸಾಧನೆ, ಮನಸ್ಸು ಒಂದೇ ಕಡೆ ನಿಲ್ಲುವುದಕ್ಕೆ ಹಾಗೆ ಮಾಡುತ್ತಾರೆ ಎಂದುಬಿಟ್ಟಳು. ಸಾಹೇಬರು ಕಣ್ಣು ಮುಚ್ಚಿ, ಆಹಾ, ನನಗೆ ಮೊದಲೇ ಅನ್ನಿಸಿತ್ತು ಎಂದರಂತೆ.

ಅದರ ಮೇಲೆ ಒಂದು ಮೀಟಿಂಗು ಆಯಿತು. ಕೂತು ಶುರುವಾದ ಮೀಟಿಂಗು ನಿಂತು ಮುಗಿಯಿತು. ಮರುವಾರ ಎದೆಮಟ್ಟದ ಮೇಜುಗಳು ಬಂದವು. ಕುರ್ಚಿಗಳನ್ನೆಲ್ಲ ನೆಲಮಾಳಿಗೆಗೆ ಸಾಗಿಸಿದರು. ಕುರ್ಚಿ ಕೊಳ್ಳಲು ಬಂದ ಗಿರಾಕಿಗಳಿಗೆ ಕೂರಲು ಕುರ್ಚಿಯಿಲ್ಲ. ಇದೇನು ಎಂದು ಅವರು ಕೇಳಿದರೆ ಸಾಹೇಬರು, ಎಲ್ಲಕ್ಕಿಂತ ಒಳ್ಳೆಯ ಕುರ್ಚಿ ಎಂದರೆ ನೀವು ಕೂರಬೇಕು ಅನ್ನಿಸದ ಕುರ್ಚಿ ಎಂದರು. ಗಿರಾಕಿಗಳು ಅದನ್ನು ಬರೆದುಕೊಂಡು ಹೋದರು. ಕೊಂಡುಕೊಂಡರೂ ಕೂಡ.

ಈಗ ಹುಡುಗಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಎಲ್ಲರಿಗೂ ನಿಲ್ಲುವುದು ಹೇಗೆಂದು ಕಲಿಸಬೇಕು. ಏನು ಕಲಿಸುತ್ತಾಳೆ ಪಾಪ. ನೆನಪಿಗೆ ಬಂದದ್ದು ಒಂದೇ, ಶಾಲೆಯಲ್ಲಿ ಹೇಳಿಕೊಟ್ಟದ್ದು. ಕೈ ಕಟ್ಟು, ಬಾಯಿ ಮುಚ್ಚು. ದೊಡ್ಡ ದೊಡ್ಡ ಸಂಬಳದವರು, ಗಡ್ಡದವರು, ಹೆತ್ತ ತಾಯಂದಿರು, ಎಲ್ಲರೂ ಎರಡು ಸಾಲಾಗಿ ಕೈಕಟ್ಟಿ ಬಾಯಿ ಮುಚ್ಚಿ ನಿಂತರು. ಆ ಆಫೀಸಿನಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದೆ ಇದ್ದದ್ದು ಅದೇ ಮೊದಲಂತೆ. ಒಬ್ಬಾಕೆಗೆ ಕಣ್ಣಲ್ಲಿ ನೀರು ಬಂತು. ನನ್ನೊಳಗೆ ಏನೋ ಬಿಡುಗಡೆಯಾಯಿತು ಎಂದಳಂತೆ. ಬಿಡುಗಡೆಯಾಗದೆ ಏನು, ಅವಳಿಗೆ ಪಕ್ಕದವನ ಮಾತು ಕೇಳುವುದು ತಪ್ಪಿತ್ತಲ್ಲ.

ಮನೆಗೆ ಬಂದು ಇದನ್ನೆಲ್ಲ ಹೇಳಿ ಹುಡುಗಿ ಹೊಟ್ಟೆ ಹಿಡಿದು ನಗುವಳು, ನಾನೂ ನಗುವೆ. ನಗು ನಿಂತ ಮೇಲೆ ಅವಳ ಮುಖ ಸಪ್ಪೆಯಾಗುತ್ತಿತ್ತು. ಬಂದದ್ದು ಕುರ್ಚಿ ಮಾಡುವುದನ್ನು ಕಲಿಯಲು, ಈಗ ಕುರ್ಚಿಯನ್ನು ಕಂಡವರೇ ಇಲ್ಲ. ಕಾಲೇಜಿನ ಮೇಷ್ಟ್ರು ಫೋನು ಮಾಡಿ, ಏನಮ್ಮಾ, ಏನು ಮಾಡಿದೆ ಇಲ್ಲಿಯ ತನಕ ಎಂದು ಕೇಳಿದರೆ ಏನು ಹೇಳುವುದು, ನಿಂತೆ ಎಂದೇ?

ಒಂದು ಸಂಜೆ ಅವಳು ನನ್ನನ್ನು ಮಂಚದ ಮೇಲೆ ಕೂರಿಸಿ, ಹೊಲಿಗೆ ದಾರದಿಂದ ಹಿಮ್ಮಡಿಯಿಂದ ಮಂಡಿಯ ತನಕ ಅಳೆದಳು. ಆಮೇಲೆ ಮಂಡಿಯಿಂದ ಸೊಂಟಕ್ಕೆ, ಮೊಣಕೈಯಿಂದ ಬೆರಳಿನ ತುದಿಗೆ. ಏನೇ ಇದು, ನನಗೆ ಚಡ್ಡಿ ಹೊಲಿಸಿ ಸೈಕಲ್ ಹತ್ತಿಸ್ತೀಯಾ ಎಂದೆ. ಸುಮ್ನಿರಜ್ಜಿ ಎಂದಳು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು.

ನೆಲಮಾಳಿಗೆಗೆ ಸೇರಿದ್ದ ಕುರ್ಚಿಗಳ ರಾಶಿಯಲ್ಲಿ ಮುರಿದವು ಬೇಕಾದಷ್ಟಿದ್ದವು. ಊಟದ ಹೊತ್ತಿನಲ್ಲಿ ಎಲ್ಲರೂ ನಿಂತುಕೊಂಡೇ ಊಟ ಮಾಡುವಾಗ ಇವಳು ಕೆಳಗೆ ಇಳಿದು ಮರ ಕೊಯ್ಯುವುದು, ಉಜ್ಜುವುದು, ಅಂಟು ಹಾಕುವುದು ಮಾಡಿದಳು. ಉಗುರಿನಲ್ಲಿ ಅಂಟು, ತಲೆಯಲ್ಲಿ ಮರದ ಹೊಟ್ಟು. ಮೊದಲು ಮಾಡಿದ್ದು ಕುಂಟಿತು. ಎರಡನೆಯದಕ್ಕೆ ಬೆನ್ನು ಸರಿಹೋಗಲಿಲ್ಲ. ಕೊನೆಗೆ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದಳು.

ನೋಡಲು ಏನೂ ಇಲ್ಲ, ಕುಳ್ಳ ಕುರ್ಚಿ. ಆದರೆ ಕೂತ ಕೂಡಲೇ ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟಿದವು. ಆ ದೇಶಕ್ಕೆ ಬಂದಮೇಲೆ ಕೂತಾಗ ನೆಲ ಸಿಕ್ಕಿದ್ದು ಅದೇ ಮೊದಲು. ಕೈ ಇಡುವ ತೋಳುಗಳು ಮಾಮೂಲಿಗಿಂತ ಮುಂದಕ್ಕೆ ಚಾಚಿಕೊಂಡು ತುದಿಯಲ್ಲಿ ದುಂಡಗಿದ್ದವು. ಏಳಬೇಕೆಂದಾಗ ಅವು ಅಂಗೈಗೆ ಸರಿಯಾಗಿ ಸಿಗುತ್ತಿದ್ದವು. ಒತ್ತಿದರೆ ದೇಹ ತಾನಾಗಿ ಮೇಲೆ ಬರುತ್ತಿತ್ತು. ಯಾರು ಹೇಳಿಕೊಟ್ಟರೇ ಇದನ್ನು ಎಂದು ಕೇಳಿದೆ. ಯಾರೂ ಇಲ್ಲ, ನೀನು ಏಳೋದನ್ನ ನೋಡಿದ್ನಲ್ಲ ಎಂದಳು. ಮನೆಯೊಡತಿಯೂ ಮೇಲೆ ಬಂದು ಕೂತು ನೋಡಿದಳು. ಎದ್ದು, ನನ್ನ ಕಡೆ ಬೆರಳು ತೋರಿಸಿ, ಹುಡುಗಿಯ ಕಡೆ ಬೆರಳು ತೋರಿಸಿ, ಆಮೇಲೆ ತನ್ನ ಎದೆಗೆ ಬೆರಳು ತೋರಿಸಿದಳು. ತನಗೂ ಒಂದು ಬೇಕೆಂದು.

ಕುರ್ಚಿಯ ಫೋಟೋವನ್ನು ಹುಡುಗಿ ನಾಳೆಯಮ್ಮನಿಗೆ ತೋರಿಸಿದಳು. ಬಹಳ ಚೆನ್ನಾಗಿದೆ, ನಾಳೆ ಕೂತು, ಅಲ್ಲ, ನಾಳೆ ನಿಂತು ಮಾತಾಡೋಣ ಎಂದಳಂತೆ.

ಹೊರಡುವ ದಿನ ಹತ್ತಿರ ಬಂತು. ಅದಕ್ಕೆ ಮೊದಲು ಆಫೀಸಿನಲ್ಲಿ ಎಲ್ಲರೆದುರು ಹುಡುಗಿ ತಾನು ಕಲಿತದ್ದನ್ನು ತೋರಿಸಬೇಕು, ಅದನ್ನು ನೋಡಿ ಸಾಹೇಬರು ಕಾಲೇಜಿಗೆ ಹೇಳಬೇಕು. ಮನೆಯವರೂ ಬರಬಹುದು, ಗಿರಾಕಿಗಳೂ ಬರುತ್ತಾರೆ. ಕುರ್ಚಿ ತೋರಿಸಲಾ ಎಂದು ಇವಳು ಗಂಟಲು ಸರಿಮಾಡಿಕೊಂಡು ಕೇಳುವುದರೊಳಗೆ ಸಾಹೇಬರು ತೀರ್ಮಾನ ಮಾಡಿಯಾಗಿತ್ತು. ನಿಲ್ಲುವ ಸಾಧನೆಯ ಬಗ್ಗೆ ಮಾತಾಡಬೇಕು, ಅದರ ಮೂಲ ಹೇಳಬೇಕು, ಅಷ್ಟಾದರೆ ನಿನಗೆ ಪೂರಾ ಅಂಕ ಎಂದರು.

ತೋರಿಸುವ ದಿನದ ಹಿಂದಿನ ಸಂಜೆ ಅವಳು ಊಟದ ತಟ್ಟೆ ಮುಟ್ಟಲಿಲ್ಲ.

“ನಿಜ ಹೇಳಿದ್ರೆ ಅವರ ವಯಸ್ಸನ್ನ ಎಲ್ಲರ ಮುಂದೆ ಎತ್ತಿದ ಹಾಗಾಗುತ್ತೆ. ವರ್ಷ ಹೋಗುತ್ತೆ ಅಜ್ಜಿ. ಸುಳ್ಳು ಹೇಳಿದ್ರೆ ಪಾಸಾಗ್ತೀನಿ. ಆದ್ರೆ ನಿಂತಿದ್ದಕ್ಕೆ ಪಾಸಾಗ್ತೀನಿ.”

“ನಾಳೆ ಕುರ್ಚಿ ತಗೊಂಡು ಹೋಗೋಣ ತಗೋ.”

“ತೋರಿಸೋ ಹಾಗಿಲ್ಲ ಅಂದ್ನಲ್ಲ.”

“ತೋರಿಸೋದಕ್ಕೆ ಅಲ್ವೇ. ಅಲ್ಲಿ ಒಂದು ಕುರ್ಚಿನೂ ಇಲ್ಲ ಅಂತೀಯ. ನಾನೇನು ಪೂರಾ ಹೊತ್ತು ನಿಂತಿರ್ಲಾ?”

ಮರುದಿನ ಹೊರಟೆವು. ಕುರ್ಚಿಯ ಒಂದು ತೋಳನ್ನು ಹುಡುಗಿ ಹಿಡಿದಳು, ಇನ್ನೊಂದನ್ನು ಮನೆಯೊಡತಿ. ಅವಳು ಕರೆಯದೆಯೇ ಒಳ್ಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ತುಂಬಿತ್ತು. ಕೂತಿದ್ದ ಹುಡುಗರೆಲ್ಲ ಫೋನು ನೋಡುತ್ತಿದ್ದರು, ಯಾರೂ ಏಳಲಿಲ್ಲ. ನಾನು ನಡುವೆ ನನ್ನ ಕುರ್ಚಿ ಹಾಕಿಸಿಕೊಂಡು ಕೂತೆ. ಆಗ ಎಲ್ಲರೂ ಫೋನು ಬಿಟ್ಟು ನನ್ನನ್ನು ನೋಡಿದರು.

ಆಫೀಸು ಉದ್ದನೆಯ ಕೋಣೆ. ಗಾಜಿನ ಗೋಡೆ, ಕುಂಡದಲ್ಲಿ ಗಿಡ, ಎದೆಮಟ್ಟದ ಮೇಜುಗಳು. ಅವುಗಳ ಸುತ್ತ ಜನ, ನೀರಿನ ತೊಟ್ಟಿಗೆ ಬಂದ ದನಗಳ ಹಾಗೆ ನಿಂತಿದ್ದರು. ಮುಖದಲ್ಲಿ ನಗು ಇತ್ತು, ಆದರೆ ಸೊಂಟದಿಂದ ಕೆಳಗೆ ಯಾರಿಗೂ ನೆಮ್ಮದಿ ಇರಲಿಲ್ಲ. ಒಬ್ಬಳು ಬೂಟಿನಿಂದ ಒಂದು ಪಾದ ತೆಗೆದು ಇನ್ನೊಂದರ ಮೇಲೆ ಇಟ್ಟಿದ್ದಳು. ಬೆನ್ನುನೋವಿನವನು ಯಾರೂ ನೋಡದಾಗ ಕಂಬಕ್ಕೆ ಒರಗುತ್ತಿದ್ದ. ನಾನು ಮುಂದುಗಡೆ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಇಷ್ಟು ಜನರಲ್ಲಿ ಕೂತವಳು ನಾನೊಬ್ಬಳೇ, ಮದುವೆ ಮನೆಯಲ್ಲಿ ಬೀಗಿತ್ತಿ ಕೂತ ಹಾಗೆ.

ಸೈಕಲ್ ಸಾಹೇಬರು ಬಂದರು. ಹುಡುಗಿ ಮಾತು ಶುರು ಮಾಡಿದಳು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೆಂದು ಆಮೇಲೆ ಅವಳೇ ಹೇಳಿದ್ದು. ಮಾತು ತಿಳಿಯದವಳಿಗೆ ನೋಡುವುದಕ್ಕೆ ಬೇಕಾದಷ್ಟು ಬಿಡುವು. ನಾನು ಸಾಹೇಬರ ಕಾಲನ್ನೇ ನೋಡುತ್ತಿದ್ದೆ. ಎಡಗಾಲಿನ ಭಾರ ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ. ಒಂದು ಕೈ ಮೇಜಿನ ಅಂಚನ್ನು ಬಿಟ್ಟಿರಲಿಲ್ಲ. ಮಂಡಿ ನೋವಿನ ಮನೆತನದವಳು ನಾನು, ನಮ್ಮವರು ಎಲ್ಲಿದ್ದರೂ ಗುರುತು ಸಿಗುತ್ತದೆ.

ಹುಡುಗಿ ಸುತ್ತಿ ಬಳಸಿ ಏನೇನೋ ಹೇಳಿ ಮುಗಿಸುವುದರಲ್ಲಿದ್ದಳು. ಆಗ ಸಾಹೇಬರು ಗಿರಾಕಿಗಳ ಕಡೆ ತಿರುಗಿ, ಈಗ ಇದರ ಮೂಲ ಕೇಳಿ ಎಂದರು. ಅವಳು ನನ್ನ ಕಡೆ ನೋಡಿದಳು. ನೀರು ಬೇಕೇನೋ ಎಂದು ನಾನು ಬಾಟಲಿ ಎತ್ತಿ ತೋರಿಸಿದೆ. ಅವಳು ಬೇಡವೆಂದು ತಲೆಯಾಡಿಸಿ, ಅವರ ಕಡೆ ತಿರುಗಿ, ನಿಧಾನವಾಗಿ ಮಾತಾಡಿದಳು. ನಮ್ಮಲ್ಲಿ ದೊಡ್ಡವರು ಬಂದರೆ ಎದ್ದು ನಿಲ್ಲುತ್ತೇವೆ, ಇದು ಸಾಧನೆಯಲ್ಲ, ಎಲ್ಲ ಮಕ್ಕಳೂ ಮಾಡುತ್ತಾರೆ ಎಂದಳು. ಕೋಣೆ ತಣ್ಣಗಾಯಿತು. ಭಾಷೆ ಬಾರದ ನನಗೂ ಅದು ತಿಳಿಯಿತು.

“ಅಂದ್ರೆ, ನನಗೆ ವಯಸ್ಸಾಗಿದೆ ಅಂತ ನೀನು ಎದ್ದು ನಿಂತೆ?” ಎಂದು ಸಾಹೇಬರು ಕೇಳಿದರಂತೆ.

“ಹೌದು.”

“ಮತ್ತೆ ಕೂರಲಿಲ್ಲ ಯಾಕೆ?”

“ನೀವು ಕೂತ್ಕೋ ಅನ್ನಲಿಲ್ಲ.”

ಸಾಹೇಬರ ಮುಖ ಕೆಂಪಾಗಿ, ಆಮೇಲೆ ಬಿಳುಚಿತು. ಇವರಿಗೆ ತಲೆ ಸುತ್ತುತ್ತಿದೆ ಎಂದೇ ನಾನು ತಿಳಿದೆ. ಕುರ್ಚಿಯ ತೋಳು ಒತ್ತಿ ಎದ್ದು ಅದನ್ನು ಅವರ ಹಿಂದಕ್ಕೆ ಎಳೆದೆ. ನನಗಿಂತ ಎಷ್ಟೋ ವರ್ಷ ಚಿಕ್ಕವರು, ನನಗೆ ಬಹುವಚನ ಬರಲಿಲ್ಲ.

“ಕೂತ್ಕೋಪ್ಪಾ. ಆಗಿಂದ ನಿಂತಿದ್ದೀಯ.”

ನನ್ನ ಮಾತು ಅವರಿಗೆ ತಿಳಿದಿರಲಾರದು. ಆದರೆ ಬೆನ್ನ ಹಿಂದೆ ಒಬ್ಬ ಮುದುಕಿ ಕುರ್ಚಿ ತಟ್ಟುವುದು ಯಾವ ದೇಶದಲ್ಲಾದರೂ ತಿಳಿಯುತ್ತದೆ. ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಕೂತರು. ಹಸಿರು ಬೂಟು ಎರಡೂ ನೆಲದ ಮೇಲೆ ಚಪ್ಪಟೆಯಾಗಿ ನಿಂತವು. ಬಾಯಿಂದ ಒಂದು ಉಸಿರು ಹೊರಟಿತು, ಉಸ್ಸಪ್ಪಾ ಎಂದು. ಅದಕ್ಕೆ ಅವರ ಭಾಷೆಯಲ್ಲೂ ಬೇರೆ ಪದ ಇದ್ದಂತೆ ಕಾಣಲಿಲ್ಲ.

ಆ ಉಸಿರಿಗೇ ಕಾದಿದ್ದವರಂತೆ ಬೆನ್ನುನೋವಿನವನು ನೆಲದ ಮೇಲೆ ಕುಸಿದು ಕೂತ. ನಾಳೆಯಮ್ಮ ಗಿಡದ ಕುಂಡದ ಅಂಚಿನ ಮೇಲೆ ಕೂತಳು. ಗಿರಾಕಿಗಳು ಮೆಟ್ಟಿಲ ಮೇಲೆ, ಮನೆಯೊಡತಿ ಕೋಟು ಸರಿಮಾಡಿಕೊಂಡು ಕಿಟಕಿಯ ಕಟ್ಟೆಯ ಮೇಲೆ. ನಿಂತವರು ನಾವಿಬ್ಬರೇ, ನಾನು ಮತ್ತು ನನ್ನ ಮೊಮ್ಮಗಳು.

ಹುಡುಗಿಯ ವರ್ಷ ಇನ್ನೂ ಸಾಹೇಬರ ಒಂದು ಮಾತಿನಲ್ಲಿ ತೂಗಾಡುತ್ತಿತ್ತು. ಆಮೇಲೆ ಅವರು ಏಳಲು ಹೊರಟರು. ಕೈ ತಾವಾಗಿ ದುಂಡಗಿದ್ದ ತುದಿಗೆ ಹೋದವು. ಒತ್ತಿದರು, ಎದ್ದರು. ಕೆಮ್ಮಲಿಲ್ಲ. ತೋಳುಗಳನ್ನು ತಿರುಗಿ ನೋಡಿದರು. ಮತ್ತೆ ಕೂತರು, ಮತ್ತೆ ಎದ್ದರು. ಉಯ್ಯಾಲೆ ಸಿಕ್ಕ ಮಗುವಿನ ಹಾಗೆ ಮೂರನೆಯ ಸಲವೂ ಕೂತು, ಇದನ್ನು ಯಾರು ಮಾಡಿದರು ಎಂದು ಕೇಳಿದರು.

“ನಾನು,” ಎಂದಳು ಹುಡುಗಿ. “ನಮ್ಮಜ್ಜಿಗೆ.”

“ಇದನ್ನ ನೀನು ನಮಗೆ ತೋರಿಸಲೇ ಇಲ್ಲ.”

ಹುಡುಗಿ ನಾಳೆಯಮ್ಮನ ಕಡೆ ನೋಡಲಿಲ್ಲ. ನೋಡದಿರುವುದನ್ನೂ ನಾನೇ ಕಲಿಸಿದ್ದು. ನಾಳೆಯಮ್ಮ ಕುಂಡದ ಗಿಡದಲ್ಲಿ ಒಣಗಿದ ಎಲೆ ಹುಡುಕತೊಡಗಿದಳು.

ಪಾಸಾದಳು. ಸಾಹೇಬರು ಕಾಲೇಜಿಗೆ ಫೋನಿನಲ್ಲೇ ಹೇಳಿದರು. ಏನೆಂದು ಹೇಳಿದರು ಎಂಬುದನ್ನೂ ಕೇಳಿ. ಈ ಹುಡುಗಿ ನಮ್ಮ ಕಂಪನಿಗೆ ಮೊದಲು ನಿಲ್ಲುವುದನ್ನು ಕಲಿಸಿದಳು, ಆಮೇಲೆ ಅದಕ್ಕಿಂತ ಆಳವಾದ ವಿದ್ಯೆ, ಕೂರುವುದನ್ನು ಕಲಿಸಿದಳು, ಪೂರಾ ಅಂಕ. ಕುರ್ಚಿಯ ಬಗ್ಗೆ ಕಾಲೇಜಿನವರು ಕೇಳಿದ್ದಕ್ಕೆ, ಅದರ ಬಗ್ಗೆ ನಾವೆಲ್ಲ ಯೋಚಿಸುತ್ತಿದ್ದೇವೆ ಎಂದರಂತೆ.

ಎದೆಮಟ್ಟದ ಮೇಜುಗಳು ನೆಲಮಾಳಿಗೆಗೆ ಹೋದವು, ಕುರ್ಚಿಗಳು ಮೇಲೆ ಬಂದವು. ಯಾರಾದರೂ ಒಳಗೆ ಬಂದರೆ ಎಲ್ಲರೂ ಏಳಬೇಕು, ಆಮೇಲೆ ಒಬ್ಬರು ಕೂತ್ಕೊಳ್ಳಿ ಅನ್ನಬೇಕು ಎಂಬ ಹೊಸ ಪದ್ಧತಿ ಬಂತು. ಆ ಮಾತು ಹೇಳುವ ಜವಾಬ್ದಾರಿಯನ್ನು ನಾಳೆಯಮ್ಮನಿಗೆ ಕೊಟ್ಟರು. ಮೊದಲ ದಿನ ಎಲ್ಲರೂ ಎದ್ದು ನಿಂತು ಅವಳ ಮುಖ ನೋಡಿದರೆ, ಅವಳು ನಕ್ಕು, ಒಳ್ಳೆಯ ವಿಚಾರ, ನಾಳೆ ಶುರು ಮಾಡೋಣ ಎಂದಳಂತೆ.

ಸಾಹೇಬರಿಗೆ ಆ ಕುರ್ಚಿಯೇ ಬೇಕಾಗಿತ್ತು. ಅದು ನಮ್ಮಜ್ಜಿಯ ಅಳತೆಯದು, ನಿಮಗೆ ಬೇಕಾದರೆ ನಿಮ್ಮ ಅಳತೆಯದು ಮಾಡಿಕೊಡುತ್ತೇನೆ ಎಂದಳು ಹುಡುಗಿ. ಅಳತೆ ಕೊಡಬೇಕಾದರೆ ಬೂಟು ಬಿಚ್ಚಬೇಕು, ಎಲ್ಲಿ ನೋಯುತ್ತದೆ ಎಂದು ಹೇಳಬೇಕು. ಅವರು ಕೋಣೆಯ ಬಾಗಿಲು ಹಾಕಿಸಿ, ಎಡಮಂಡಿ ಎಂದರಂತೆ, ಗುಟ್ಟು ಹೇಳುವ ಹಾಗೆ. ಉಳಿದ ದಿನಗಳಲ್ಲಿ ಅವಳು ಎರಡು ಕುರ್ಚಿ ಮಾಡಿದಳು, ಅವರಿಗೊಂದು, ಮನೆಯೊಡತಿಗೊಂದು. ಮನೆಯೊಡತಿ ತನ್ನದನ್ನು ಗಂಡನ ಫೋಟೋದ ಎದುರು ಹಾಕಿಕೊಂಡಳು.

ಫೋನಿನಲ್ಲಿ ಚಿಕ್ಕಪ್ಪ, ಕೊನೆಗೂ ಏನು ಕಲಿತೆಯಮ್ಮಾ ಅಲ್ಲಿ ಎಂದು ಕೇಳಿದ. ಅವಳು ಉತ್ತರ ಹೇಳುವ ಮೊದಲೇ ಫೋನಿನ ಆಚೆಯಿಂದ ಸೊಸೆ, ಎದ್ದು ನಿಂತು ಕೂತು ಬಂದಳಂತೆ, ಪೂರಾ ಅಂಕ ಎಂದಳು. ಇಷ್ಟನ್ನ ನಮ್ಮನೇಲೇ ಕಲೀಬಹುದಿತ್ತಲ್ಲ, ನಾನು ಅವತ್ತೇ ಹೇಳಿರಲಿಲ್ವಾ ಎಂದ ಅವನು. ಮಡಿಸಿ ಇಟ್ಟದ್ದು ಹಾಳಾಗಲಿಲ್ಲ.

ವಿಮಾನದ ದಿನ ದಾರಿಯಲ್ಲಿ ಆಫೀಸಿನ ಮುಂದೆ ಕಾರು ನಿಲ್ಲಿಸಿ, ಒಂದು ಮಾತು ಹೇಳಿ ಬರ್ತೀನಿ ಎಂದು ಹುಡುಗಿ ಮೇಲೆ ಹೋದಳು. ನಾನು ಕಾರಿನಲ್ಲಿ, ಕುರ್ಚಿ ಹಿಂದಿನ ಸೀಟಿನಲ್ಲಿ. ಡ್ರೈವರು ಗಡಿಯಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಹುಡುಗಿ ಬರಲಿಲ್ಲ. ನಾನೇ ಲಿಫ್ಟು ಹತ್ತಿ ಹೋದೆ.

ಸಾಹೇಬರು ತಮ್ಮ ಹೊಸ ಕುರ್ಚಿಯಲ್ಲಿ ಕೂತಿದ್ದರು. ಇವಳು ಒಳಗೆ ಹೋದ ಕೂಡಲೇ, ಯಾರಿಂದಲೋ ಕಲಿತುಕೊಂಡು, ಬಹಳ ಕಷ್ಟದಿಂದ ನಮ್ಮ ಭಾಷೆಯಲ್ಲೇ ಕೂತ್ಕೋ ಅಂದಿದ್ದರಂತೆ. ಹಿರಿಯರು ಬಾಯಿ ಬಿಟ್ಟು ಅಂದ ಮೇಲೆ ಅವಳು ಕೂತಳು. ಕೂತ ಮೇಲೆ ಅವರು ಮಾತು ಶುರು ಮಾಡಿದರು. ಮೊದಲು ಎಡಮಂಡಿ, ಆಮೇಲೆ ಬಲಮಂಡಿ, ಆಮೇಲೆ ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದದ್ದು. ಅಷ್ಟು ವರ್ಷ ಆಡದೆ ಇಟ್ಟುಕೊಂಡಿದ್ದ ವಯಸ್ಸಿನ ಮಾತೆಲ್ಲ ಅವತ್ತೇ ಆಡಿ ಮುಗಿಸುವವರ ಹಾಗಿದ್ದರು. ಅವರ ಮಾತಿನ ನಡುವೆ ಏಳುವುದು ಹೇಗೆ ಎಂದು ತಿಳಿಯದೆ ನನ್ನ ಮೊಮ್ಮಗಳು ಕೈಕಟ್ಟಿ ಕೂತಿದ್ದಳು. ಏಳು ಅನ್ನುವ ಪದವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಾನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಸಾಹೇಬರು ಮಾತು ನಿಲ್ಲಿಸಿ, ತೋಳು ಒತ್ತಿ, ಎದ್ದು ನಿಂತರು. ನೆಟ್ಟಗೆ, ಕೈಕಟ್ಟಿ, ನನ್ನ ಮುಖವನ್ನೇ ನೋಡುತ್ತ. ಈಗ ನಾನು ಕೂತ್ಕೋ ಅನ್ನಬೇಕಾಗಿತ್ತು. ಅಂದರೆ ಅವರು ಕೂರುತ್ತಾರೆ, ಕೂತರೆ ಮತ್ತೆ ಮಂಡಿಯ ಕಥೆ.

“ನಿಂತಿರಪ್ಪಾ ಒಂದು ಗಳಿಗೆ,” ಎಂದೆ. “ಏಳೇ ನೀನು, ವಿಮಾನ ಹೋಗುತ್ತೆ.”